ಹಿತ್ತಲಿನ ಹಕ್ಕಿಗೆ ಕಾಳೋ, ನೀರೋ?

ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. 2010ರಿಂದ ಇದು ಆಚರಣೆಯಲ್ಲಿದೆ. ಅಂದು ನಮ್ಮ ಅನೇಕ ಶಾಲೆಗಳಲ್ಲಿ ಮಕ್ಕಳು ತೆಂಗಿನ ಚಿಪ್ಪಿಗೆ ದಾರ ಕಟ್ಟಿ, ಅದರಲ್ಲಿ ಅಕ್ಕಿಯನ್ನೋ ರಾಗಿಯನ್ನೋ ತುಂಬಿ, ಆವರಣದ ಮರಕ್ಕೆ ನೇತುಹಾಕುತ್ತಾರೆ. ಒಳ್ಳೆಯ ಕೆಲಸವೇ ಸರಿ. ಆದರೆ ನೀವು ವಿಜ್ಞಾನದ ಅಧ್ಯಾಪಕರಾಗಿದ್ದರೆ, ಇಲ್ಲವೆ ವಿದ್ಯಾರ್ಥಿಯಾಗಿದ್ದರೆ, ಒಂದು ಪ್ರಶ್ನೆ ನಿಮ್ಮನ್ನು ಕಾಡಬೇಕು. ಈ ಹಿಡಿ ಕಾಳಿನಿಂದ ಹಕ್ಕಿಗೆ ಆದ ಉಪಕಾರ ಎಷ್ಟು? ಅದನ್ನು ಅಳೆಯಲು ಬರುತ್ತದೆಯೆ? ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹಕ್ಕಿಗೆ ನಿಜವಾಗಿ ಕೊರತೆಯಾಗಿರುವುದು ಕಾಳೇ, ಅಥವಾ ಬೇರೆ ಏನಾದರೂ ಇದೆಯೆ?

ಲೆಕ್ಕ ಹಾಕಲು ಒಂದು ನಿರ್ದಿಷ್ಟ ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಕನಕಪುರ ತಾಲ್ಲೂಕಿನ ಕಬ್ಬಾಳು ನಮ್ಮ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. (ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಾದದ್ದು 2025ರಲ್ಲಿ, ಹಕ್ಕಿಗಳಿಗೆ ಅದರಿಂದ ವ್ಯತ್ಯಾಸವಿಲ್ಲ.) ಊರಿನ ನೆತ್ತಿಯ ಮೇಲೆ ಕಬ್ಬಾಳದುರ್ಗದ ಬೋಳು ಬಂಡೆ, ಕೆಳಗೆ ಕಬ್ಬಾಳಮ್ಮನ ಗುಡಿ, ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವು, ತೆಂಗು. ಇಂಥ ಊರಿನ ಹಿತ್ತಲೆಂದರೆ ಒಂದು ನುಗ್ಗೆ ಮರ, ಕರಿಬೇವು, ಸೀಬೆ, ದಾಸವಾಳ, ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬಾಳೆ. ಅಲ್ಲಿಗೆ ಬರುವವರನ್ನು ನೀವೂ ಬಲ್ಲಿರಿ: ಗುಬ್ಬಚ್ಚಿ, ಗೊರವಂಕ, ಕಾಗೆ, ಪಿಕಳಾರ, ಚುಕ್ಕೆ ಬೆಳವ, ಸೂರಕ್ಕಿ, ಟುವ್ವಿ, ಮಡಿವಾಳ ಹಕ್ಕಿ, ಗುಂಪುಗುಂಪಾಗಿ ಗಲಾಟೆ ಮಾಡುತ್ತ ತರಗೆಲೆ ಕೆದಕುವ ಹರಟೆಮಲ್ಲ. ಇವುಗಳಲ್ಲಿ ಗುಬ್ಬಚ್ಚಿಯನ್ನು ಮೊದಲು ತೆಗೆದುಕೊಳ್ಳೋಣ.

ಒಂದು ವಾಟ್ ಗುಬ್ಬಚ್ಚಿ

ಬೆಳೆದ ಗುಬ್ಬಚ್ಚಿಯ ತೂಕ ಸುಮಾರು 24 ಗ್ರಾಂ. ಹಾರಾಟ, ಜಗಳ, ಗೂಡು ಕಟ್ಟುವುದು ಎಲ್ಲವನ್ನೂ ಸೇರಿಸಿ ಇಷ್ಟು ತೂಕದ ಹಕ್ಕಿಯೊಂದು ದಿನಕ್ಕೆ ಸುಮಾರು 90 ಕಿಲೋಜೂಲ್ ಶಕ್ತಿಯನ್ನು ವ್ಯಯಿಸುತ್ತದೆ. ಒಂದು ದಿನಕ್ಕೆ 86,400 ಸೆಕೆಂಡುಗಳು. 90,000 ಜೂಲನ್ನು ಇದರಿಂದ ಭಾಗಿಸಿ. ಉತ್ತರ ಒಂದು ವಾಟಿಗೆ ತುಸು ಹೆಚ್ಚು. ಅಂದರೆ ನಿಮ್ಮ ಹಿತ್ತಲಿನ ಗುಬ್ಬಚ್ಚಿ ಒಂದು ವಾಟ್ ಸಾಮರ್ಥ್ಯದ ಯಂತ್ರ. ಮಲಗುವ ಕೋಣೆಯಲ್ಲಿ ರಾತ್ರಿ ಉರಿಸುವ ಪುಟ್ಟ ಎಲ್‌ಇಡಿ ದೀಪಕ್ಕೆ ಸಮ.

ಒಂದು ವಾಟ್ ಎಂದರೆ ಅತ್ಯಲ್ಪ ಎನಿಸಬಹುದು. ಮನುಷ್ಯನೊಡನೆ ಹೋಲಿಸಿದಾಗ ವಿಷಯ ಸ್ಪಷ್ಟವಾಗುತ್ತದೆ. 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ದಿನಕ್ಕೆ ಸುಮಾರು 10,000 ಕಿಲೋಜೂಲ್ ಬೇಕು. ಕಿಲೋಗ್ರಾಂ ಒಂದಕ್ಕೆ 167. ಗುಬ್ಬಚ್ಚಿಗೆ ಕಿಲೋಗ್ರಾಂ ಒಂದಕ್ಕೆ 3,750. ಸುಮಾರು 22 ಪಟ್ಟು! ಕಾರಣವನ್ನು ನೀವು ತರಗತಿಯಲ್ಲಿ ಘನ ಮತ್ತು ಗೋಳಗಳ ಲೆಕ್ಕದಲ್ಲೇ ಕಲಿಸಿರುತ್ತೀರಿ. ವಸ್ತು ಚಿಕ್ಕದಾದಂತೆ ಅದರ ಗಾತ್ರ ಕುಗ್ಗುವಷ್ಟು ಬೇಗ ಮೇಲ್ಮೈ ಕುಗ್ಗುವುದಿಲ್ಲ. ಗುಬ್ಬಚ್ಚಿಯ ತೂಕ ನಮ್ಮ ತೂಕದ 2,500ನೆಯ ಒಂದು ಭಾಗ. ಆಕಾರ ಒಂದೇ ಎಂದು ಭಾವಿಸಿದರೆ ಪ್ರತಿ ಗ್ರಾಂ ತೂಕಕ್ಕೆ ಅದರ ಮೇಲ್ಮೈ ನಮಗಿಂತ 13 ಪಟ್ಟಿಗೂ ಹೆಚ್ಚು. ಜೊತೆಗೆ ಅದರ ಮೈ ನಮಗಿಂತ ಬಿಸಿ, ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೇಲೆ ಹಾರಾಟದ ಖರ್ಚು ಬೇರೆ.

ಈಗ ಈ 90 ಕಿಲೋಜೂಲನ್ನು ರಾಗಿಗೆ ಪರಿವರ್ತಿಸೋಣ. ಒಂದು ಗ್ರಾಂ ರಾಗಿಯಲ್ಲಿ ಸುಮಾರು 13.4 ಕಿಲೋಜೂಲ್ ಇದೆ. ಐದರಲ್ಲಿ ನಾಲ್ಕು ಪಾಲು ಜೀರ್ಣವಾಗಿ ಮೈಗೆ ಹತ್ತುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 8.4 ಗ್ರಾಂ ಬೇಕು. ತನ್ನ ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಒಂದು ಗ್ರಾಂ ರಾಗಿಯಲ್ಲಿ ಎಷ್ಟು ಕಾಳುಗಳಿವೆ ಎಂದು ನಿಮ್ಮ ವಿದ್ಯಾರ್ಥಿಗಳಿಂದಲೇ ಎಣಿಸಿ. 400ರ ಆಸುಪಾಸು ಬರುತ್ತದೆ. ಹಾಗಾದರೆ ದಿನಕ್ಕೆ 3,000ಕ್ಕೂ ಹೆಚ್ಚು ಕಾಳು. ಹಗಲು 12 ಗಂಟೆ ಎಂದರೆ, ಒಂದು ನಿಮಿಷವೂ ಬಿಡುವು ಕೊಡದೆ ನಿಮಿಷಕ್ಕೆ ನಾಲ್ಕೈದು ಕಾಳು ಹೆಕ್ಕಬೇಕು. 'ಗುಬ್ಬಚ್ಚಿ ಊಟ' ಎಂದು ಮಕ್ಕಳನ್ನು ಹಾಸ್ಯ ಮಾಡುವವರು ಈ ಲೆಕ್ಕವನ್ನು ಗಮನಿಸಬೇಕು. ಆ ಪ್ರಮಾಣದಲ್ಲಿ 60 ಕಿಲೋಗ್ರಾಂನ ವ್ಯಕ್ತಿ ದಿನಕ್ಕೆ 20 ಕಿಲೋಗ್ರಾಂ ರಾಗಿ ತಿನ್ನಬೇಕಾದೀತು.

ಒಂದು ಹಿಡಿ ರಾಗಿ 50 ಗ್ರಾಂ ಇದ್ದರೆ ಅದು ಆರು ಗುಬ್ಬಚ್ಚಿಗಳ ಒಂದು ದಿನದ ಊಟ. ಹೀಗಾಗಿ ವರ್ಷಕ್ಕೊಮ್ಮೆ ಹಾಕಿದ ಕಾಳು ಸಾಂಕೇತಿಕವೇ ಹೊರತು ಪೋಷಣೆಯಲ್ಲ. ಕಬ್ಬಾಳಿನ ಕಡೆ ಮಳೆಯಾಶ್ರಯದ ರಾಗಿ ಕಟಾವಾಗುವುದು ನವೆಂಬರ್‌, ಡಿಸೆಂಬರ್‌ನಲ್ಲಿ. ಆಗ ಕಣದ ಸುತ್ತ, ರಾಗಿ ಹುಲ್ಲನ್ನು ಹರವಿ ವಾಹನಗಳಿಂದ ತುಳಿಸಿಕೊಳ್ಳುವ ಡಾಂಬರು ರಸ್ತೆಯ ಅಂಚಿನಲ್ಲಿ, ಬೇಕಾದಷ್ಟು ಕಾಳು ಚೆಲ್ಲಿರುತ್ತದೆ. ಬೇಸಿಗೆಯಲ್ಲೂ ಹುಲ್ಲಿನ ಬೀಜ, ಮೆದೆಯ ಬುಡದ ಉದುರು ಕಾಳು ಅಲ್ಲಲ್ಲಿ ಸಿಗುತ್ತದೆ. ಸಿಗದೆ ಹೋಗುವುದು ಬೇರೆಯೇ ಒಂದು ವಸ್ತು.

ಮಧ್ಯಾಹ್ನದ ಲೆಕ್ಕ

ಒಂದು ವಾಟಿನ ಯಂತ್ರ ಉತ್ಪಾದಿಸುವ ಶಾಖ ಎಲ್ಲಿಗೋ ಹೋಗಬೇಕಲ್ಲ? ವಹನ, ಸಂವಹನ, ವಿಕಿರಣ ಈ ಮೂರು ದಾರಿಗಳಲ್ಲಿ ಮೈಯಿಂದ ಹೊರಹೋಗುವ ಶಾಖ, ಸ್ಥೂಲವಾಗಿ ಹೇಳುವುದಾದರೆ, ಮೈಗೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಪಾತದಲ್ಲಿರುತ್ತದೆ. ಇದು ನ್ಯೂಟನ್ನನ ತಣಿಯುವಿಕೆಯ ನಿಯಮ. ಏಪ್ರಿಲ್ ತಿಂಗಳ ಮುಂಜಾನೆ ಗಾಳಿ 21 ಡಿಗ್ರಿ ಇದ್ದರೆ ಅಂತರ 20 ಡಿಗ್ರಿ. ಅದೇ ದಿನ ಮಧ್ಯಾಹ್ನ 36 ಡಿಗ್ರಿ ತಲುಪಿದರೆ ಅಂತರ ಬರೇ 5. ಶಾಖ ಹೊರಹೋಗುವ ದರ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಿತು. ಬಿಸಿಲಲ್ಲಿ ಕುಳಿತ ಹಕ್ಕಿಯ ಸ್ಥಿತಿ ಇನ್ನೂ ಕಷ್ಟ. ಕಬ್ಬಾಳಿನಂಥ ಊರಿನಲ್ಲಿ ಬಂಡೆಯ ಪಾತ್ರವೂ ಇದೆ. ಹಗಲೆಲ್ಲ ಕಾದ ಕಣಶಿಲೆ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಶಾಖವನ್ನು ಸೂಸುತ್ತಿರುತ್ತದೆ. ಗುಡ್ಡದ ಬುಡದ ಮನೆಗಳ ಸಂಜೆ ಬೇಗ ತಣಿಯುವುದಿಲ್ಲ.

ಉಳಿದ ದಾರಿ ಒಂದೇ, ನೀರನ್ನು ಆವಿ ಮಾಡುವುದು. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಅವು ಕೊಕ್ಕು ತೆರೆದು ವೇಗವಾಗಿ ಉಸಿರಾಡುತ್ತ ಬಾಯಿ, ಗಂಟಲು, ಶ್ವಾಸಮಾರ್ಗಗಳ ತೇವವನ್ನು ಆವಿಯಾಗಿಸುತ್ತವೆ. ಬೆಳವ, ಪಾರಿವಾಳಗಳು ಚರ್ಮದ ಮೂಲಕವೂ ಸಾಕಷ್ಟು ನೀರನ್ನು ಆವಿಯಾಗಿ ಬಿಡಬಲ್ಲವು. ಹಕ್ಕಿಯ ಮೈಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಗುಪ್ತೋಷ್ಣ ಬೇಕು. ನೆರಳಿನಲ್ಲಿ ಅಲ್ಲಾಡದೆ ಕುಳಿತ ಗುಬ್ಬಚ್ಚಿ ಅರ್ಧ ವಾಟ್ ಶಾಖ ಉತ್ಪಾದಿಸುತ್ತಿದೆ ಎನ್ನಿ. ಸುತ್ತಲಿನ ಗಾಳಿ ಅದರ ಮೈಯಷ್ಟೇ ಬಿಸಿಯಾದರೆ ಆ ಶಾಖವೆಲ್ಲ ಆವಿಯ ರೂಪದಲ್ಲೇ ಹೋಗಬೇಕು. ಗಂಟೆಗೆ 1,800 ಜೂಲ್, ಅಂದರೆ 0.75 ಗ್ರಾಂ ನೀರು. ಕೇಳಲು ಹನಿಗಳ ಲೆಕ್ಕ. ಆದರೆ ಅದು ಮೈತೂಕದ ಶೇಕಡ 3. ನಮಗೆ ಅನ್ವಯಿಸಿದರೆ ಗಂಟೆಗೆ 1.9 ಲೀಟರ್ ನೀರು ಕಳೆದುಕೊಂಡಂತೆ! ನಾಲ್ಕು ಗಂಟೆ ಹೀಗೆ ಕಳೆದರೆ ಏನಾದೀತು, ನೀವೇ ಊಹಿಸಿ.

ಇದು ತುದಿಯ ಪರಿಸ್ಥಿತಿ, ನಿಜ. ಕಬ್ಬಾಳಿನ ನೆರಳಿನಲ್ಲಿ ಗಾಳಿ ಸಾಮಾನ್ಯವಾಗಿ 41 ಡಿಗ್ರಿ ಮುಟ್ಟುವುದಿಲ್ಲ. ಆದರೂ ಲೆಕ್ಕದ ದಿಕ್ಕು ಸ್ಪಷ್ಟ. ಕಾಳು ತಿನ್ನುವ ಹಕ್ಕಿಗಳಿಗೆ ಈ ಕಷ್ಟ ಹೆಚ್ಚು, ಏಕೆಂದರೆ ಒಣ ಕಾಳಿನಲ್ಲಿ ನೀರಿನ ಅಂಶ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹುಳು ತಿನ್ನುವ ಟುವ್ವಿಗೆ ಹುಳುವಿನ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ ಸಿಗುತ್ತದೆ. ಮಕರಂದ ಹೀರುವ ಸೂರಕ್ಕಿಗೆ ಊಟವೇ ಪಾನಕ. ಹೀಗಾಗಿ ಬಿರುಬೇಸಿಗೆಯಲ್ಲಿ ಕಾಳು ಮಾತ್ರ ಇಟ್ಟು ನೀರು ಇಡದಿರುವುದು, ಅತಿಥಿಗೆ ಹುರಿಹಿಟ್ಟು ಬಡಿಸಿ ಲೋಟ ಮರೆತಂತೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಸುಲಭ ಪ್ರಯೋಗವಿದೆ. ಮಾರ್ಚ್‌ನಿಂದ ಮೇ ತನಕ ನೆರಳಿನಲ್ಲಿ ಒಂದು ಉಷ್ಣತಾಮಾಪಕ ತೂಗುಹಾಕಿ. ಕೊಕ್ಕು ತೆರೆದು ಕುಳಿತ ಮೊದಲ ಕಾಗೆ ಕಂಡಾಗ ಉಷ್ಣತೆಯನ್ನು ಗುರುತಿಸಿಕೊಳ್ಳಿ. ಗುಬ್ಬಚ್ಚಿಗೆ, ಗೊರವಂಕಕ್ಕೆ, ಬೆಳವಕ್ಕೆ ಇದನ್ನೇ ಮಾಡಿ. ಹಕ್ಕಿ ಬಿಸಿಲಲ್ಲಿತ್ತೋ ನೆರಳಲ್ಲಿತ್ತೋ ಬರೆಯಲು ಮರೆಯಬೇಡಿ. ಒಂದು ಜಾತಿಗೆ ಇಪ್ಪತ್ತು ಮೂವತ್ತು ಅಂಕಿಗಳು ಸೇರಿದರೆ ನಕ್ಷೆ ಎಳೆಯಬಹುದು. ಇದಕ್ಕೆ ದುರ್ಬೀನೂ ಬೇಡ, ಹಣವೂ ಬೇಡ.

ಬಾನಿ ಹೋದ ಮೇಲೆ

ಹಳೆಯ ಹಿತ್ತಲುಗಳಲ್ಲಿ ಹಕ್ಕಿಗೆಂದು ಯಾರೂ ನೀರು ಇಡುತ್ತಿರಲಿಲ್ಲ. ಇಡುವ ಅಗತ್ಯವೂ ಇರಲಿಲ್ಲ. ದನಗಳಿಗೆ ಕಲ್ಲುಬಾನಿ ಇತ್ತು, ಬಾವಿಕಟ್ಟೆಯ ಸುತ್ತ ನೀರು ನಿಲ್ಲುತ್ತಿತ್ತು, ಬಚ್ಚಲ ನೀರು ಬಾಳೆಯ ಬುಡಕ್ಕೆ ತೆರೆದ ಕಾಲುವೆಯಲ್ಲಿ ಹರಿಯುತ್ತಿತ್ತು. ಈಗ ಮನೆಗೆ ಕೊಳಾಯಿ ಬಂದಿದೆ, ಚರಂಡಿಗೆ ಚಪ್ಪಡಿ ಬಿದ್ದಿದೆ, ಕೊಳವೆಬಾವಿಯ ನೀರು ಹನಿ ನೀರಾವರಿಯ ಪೈಪಿನಲ್ಲಿ ಗಿಡದ ಬುಡಕ್ಕೇ ಇಳಿಯುತ್ತದೆ. ಆರೋಗ್ಯದ ದೃಷ್ಟಿಯಿಂದ, ನೀರಿನ ಉಳಿತಾಯದ ದೃಷ್ಟಿಯಿಂದ ಇವೆಲ್ಲ ಬೇಕಾದ ಬದಲಾವಣೆಗಳೇ. ಅವುಗಳ ಜೊತೆಯಲ್ಲಿ ಹಕ್ಕಿಯ ಪಾಲಿನ ನೀರು ಮಾತ್ರ ಯಾರ ಗಮನಕ್ಕೂ ಬಾರದೆ ಮುಚ್ಚಿಹೋಯಿತು. ಆದ್ದರಿಂದಲೇ ನಾನು ಕಾಳಿಗಿಂತ ನೀರಿಗೆ ಮೊದಲ ಸ್ಥಾನ ಕೊಡುತ್ತೇನೆ.

ಯಾವ ಪಾತ್ರೆ? ಕುಂಬಾರರು ಮಾಡುವ ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ತಟ್ಟೆ ಉತ್ತಮ. ನೀರಿನ ಆಳ ಎರಡು ಮೂರು ಸೆಂಟಿಮೀಟರ್ ಸಾಕು. ಬಕೆಟ್ಟಿನಲ್ಲಿ ನೀರಿಟ್ಟರೆ ಗುಬ್ಬಚ್ಚಿ ಮುಳುಗೀತು. ನಡುವೆ ಒಂದು ಒರಟು ಕಲ್ಲು ಇಡಿ. ಚಿಕ್ಕ ಹಕ್ಕಿಗೆ ಕಾಲೂರಲು, ಬಿದ್ದ ಜೇನುನೊಣಕ್ಕೆ ಹತ್ತಿಕೊಳ್ಳಲು ಆಗುತ್ತದೆ. ಮಣ್ಣಿನ ತಟ್ಟೆಯ ಇನ್ನೊಂದು ಗುಣ ನಿಮಗೆ ಗೊತ್ತೇ ಇದೆ. ಅದರ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತ ಒಳಗಿನ ನೀರನ್ನು ತಣಿಸುತ್ತದೆ. ಕೊಕ್ಕು ತೆರೆದ ಹಕ್ಕಿ ಮಾಡುತ್ತಿರುವುದೂ ಮಣ್ಣಿನ ಮಡಕೆ ಮಾಡುತ್ತಿರುವುದೂ ಒಂದೇ ಕೆಲಸ. ಮಣ್ಣು, ಸ್ಟೀಲು, ಪ್ಲಾಸ್ಟಿಕ್ ಈ ಮೂರು ತಟ್ಟೆಗಳಲ್ಲಿ ಸಮನಾಗಿ ನೀರು ತುಂಬಿ, ಒಂದೇ ನೆರಳಿನಲ್ಲಿಟ್ಟು, ಮಧ್ಯಾಹ್ನ ಎರಡು ಗಂಟೆಗೆ ಉಷ್ಣತೆ ನೋಡಿ. ಅಡಿಕೋಲಿನಿಂದ ನೀರಿನ ಮಟ್ಟವೂ ಎಷ್ಟು ಇಳಿಯಿತು ನೋಡಿ. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ಇಳಿದರೆ ಒಂದು ಲೀಟರ್ ಹೋಯಿತೆಂದು ಲೆಕ್ಕ.

ತಟ್ಟೆಯನ್ನು ಪೊದೆಗೆ ಅಂಟಿಸಿ ಇಡಬೇಡಿ. ಬೆಕ್ಕು ಹೊಂಚುಹಾಕುವುದು ಅಲ್ಲೇ. ಎರಡು ಮೂರು ಮೀಟರ್ ಬಯಲು ಬಿಟ್ಟು, ಮೇಲೆ ಕೊಂಬೆಯ ನೆರಳು ಬೀಳುವ ಕಡೆ ಇಡಿ.

ಸೊಳ್ಳೆಯ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಡೆಂಗೆ ಹರಡುವ ಈಡಿಸ್ ಸೊಳ್ಳೆ ನಿಂತ ಶುದ್ಧ ನೀರನ್ನೇ ಅರಸುತ್ತದೆ. ಬೇಸಿಗೆಯ ಉಷ್ಣತೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ದಿನವೂ ನೀರು ಬದಲಿಸಿದರೆ ಮರಿಗಳು ಬೆಳೆಯಲಾರವು. ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ; ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ತೆಂಗಿನ ನಾರಿನಿಂದ ತಟ್ಟೆಯನ್ನು ಉಜ್ಜಲೇಬೇಕು. ರಜೆಯಲ್ಲಿ ಉಜ್ಜುವವರು ಇಲ್ಲವೆಂದಾದರೆ ತಟ್ಟೆಯನ್ನು ಮಗುಚಿಟ್ಟು ಹೋಗುವುದು ಮೇಲು.

ತಟ್ಟೆಗೆ ಹಕ್ಕಿ ಬರಲಾರಂಭಿಸಿದ ಮೇಲೆ ಅವು ಕುಡಿಯುವ ರೀತಿಯನ್ನು ಗಮನಿಸಿ. ಗುಬ್ಬಚ್ಚಿ, ಪಿಕಳಾರ, ಗೊರವಂಕಗಳು ಒಂದು ಕೊಕ್ಕು ನೀರು ತುಂಬಿಕೊಂಡು ತಲೆಯೆತ್ತುತ್ತವೆ. ನೀರು ಗುರುತ್ವದಿಂದ ಗಂಟಲಿಗಿಳಿಯುತ್ತದೆ. ಬೆಳವ, ಪಾರಿವಾಳಗಳು ಹಾಗಲ್ಲ. ಕೊಕ್ಕನ್ನು ನೀರಿನಲ್ಲೇ ಅದ್ದಿ, ತಲೆಯೆತ್ತದೆ ಹೀರುತ್ತವೆ. ಹೀರುವುದೆಂದರೆ ಒತ್ತಡದ ವ್ಯತ್ಯಾಸ ಉಂಟುಮಾಡುವುದು. ಒಂದೇ ತಟ್ಟೆಯ ಎರಡು ಅಂಚುಗಳಲ್ಲಿ ಭೌತವಿಜ್ಞಾನದ ಎರಡು ಪಾಠಗಳು. ಇನ್ನು ತಲೆಯೆತ್ತದವು ಎಷ್ಟು ಬೇಗ ಕುಡಿದು ಹಾರುತ್ತವೆ, ತಲೆಯೆತ್ತುವವು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂಬುದನ್ನು ಗಡಿಯಾರ ಹಿಡಿದು ಹೋಲಿಸಬಹುದು.

ಕಾಳು ಹಾಕುವುದೇ ಆದರೆ

ನೀರಿಗೆ ಆದ್ಯತೆ ಎಂದ ಮಾತ್ರಕ್ಕೆ ಕಾಳು ಹಾಕಬಾರದು ಎಂದಲ್ಲ. ಮುಂಜಾನೆ ಹಾಕಿ. ರಾತ್ರಿಯಿಡೀ ಉಪವಾಸವಿದ್ದು ಮೈಯ ಕೊಬ್ಬನ್ನು ಉರಿಸಿದ ಚಿಕ್ಕ ಹಕ್ಕಿ ಹಿಂದಿನ ಸಂಜೆಗಿಂತ ಹಗುರಾಗಿರುತ್ತದೆ. ಬೆಳಗಿನ ಮೊದಲ ಕಾಳು ಅದಕ್ಕೆ ಅತ್ಯಂತ ಬೆಲೆಯುಳ್ಳದ್ದು. ಗಂಟೆಯೊಳಗೆ ಮುಗಿಯುವಷ್ಟೇ ಹಾಕಿ. ಉಳಿದದ್ದು ಇಲಿಗೆ ಆಹ್ವಾನ, ಇಲಿಯ ಹಿಂದೆ ಹಾವು. ಬೆಟ್ಟದ ಬುಡದ ಊರುಗಳಲ್ಲಿ ಕೋತಿಗಳೂ ಕಾದಿರುತ್ತವೆ. ಹೊಲದ ಪಕ್ಕದ ಮನೆಯಾದರೆ ಇನ್ನೂ ಎಚ್ಚರ ಬೇಕು. ನವಿಲು, ಗಿಳಿಗಳಿಂದ ಬೆಳೆ ಕಳೆದುಕೊಳ್ಳುವ ರೈತನ ಎದುರು ಅವುಗಳಿಗೆ ರಾಶಿ ಕಾಳು ಸುರಿಯುವುದು ಸರಿಯಲ್ಲ.

ಚಿತ್ರಾನ್ನ, ಮಿಕ್ಸ್‌ಚರ್, ಬಿಸ್ಕತ್ತು ಬೇಡ. ಖಾರದ ಕಾರಣದಿಂದ ಅಲ್ಲ. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ. ನಮ್ಮ ನರಗಳಲ್ಲಿ ಅದನ್ನು ಗುರುತಿಸುವ ಗ್ರಾಹಕ ಹಕ್ಕಿಗಳಲ್ಲಿ ಅದಕ್ಕೆ ಸ್ಪಂದಿಸದು. ಗಿಳಿ ಹಸಿಮೆಣಸಿನಕಾಯನ್ನು ಸೀಬೆಯಂತೆ ತಿನ್ನುವುದು ಇದರಿಂದಲೇ. ತೊಂದರೆ ಇರುವುದು ಉಪ್ಪಿನಲ್ಲಿ. 24 ಗ್ರಾಂ ತೂಕದ ಮೈಗೆ ನಮ್ಮ ಒಂದು ಚಿಟಿಕೆ ಉಪ್ಪು ಬಹಳ ದೊಡ್ಡ ಪ್ರಮಾಣ, ಅದನ್ನು ಹೊರಹಾಕಲು ಮತ್ತೆ ನೀರು ಬೇಕು.

ಹಸಿ ಅಕ್ಕಿ ತಿಂದರೆ ಅದು ಹೊಟ್ಟೆಯಲ್ಲಿ ಅರಳಿ ಹಕ್ಕಿ ಸಾಯುತ್ತದೆ ಎಂದು ಹೇಳುವವರಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಮದುವೆಯಲ್ಲಿ ಅಕ್ಕಿ ಎರಚುವುದನ್ನು ಈ ಕಾರಣ ಹೇಳಿ ಬಿಟ್ಟವರೂ ಉಂಟು. ಗದ್ದೆಯಲ್ಲಿ ಭತ್ತ ತಿನ್ನುವ ರಾಟವಾಳಗಳು ಇದನ್ನು ಕೇಳಿಲ್ಲ! ಅಕ್ಕಿಯ ಪಿಷ್ಟ ನೀರು ಹೀರಿ ಅನ್ನವಾಗಿ ಅರಳಲು 60 ಡಿಗ್ರಿಗೂ ಹೆಚ್ಚಿನ ಉಷ್ಣತೆ ಬೇಕು. ಹಕ್ಕಿಯ ಹೊಟ್ಟೆ 41 ಡಿಗ್ರಿ. ಅದೂ ಅಲ್ಲದೆ ಅಕ್ಕಿ ನೆನೆಯುವ ಮೊದಲೇ ಹಕ್ಕಿಯ ಅರೆಜಠರ ಅದನ್ನು ಪುಡಿ ಮಾಡಿರುತ್ತದೆ. ಒಂದು ಲೋಟದಲ್ಲಿ 41 ಡಿಗ್ರಿಯ ನೀರಿನಲ್ಲಿ ಅಕ್ಕಿ ಹಾಕಿ ಮಕ್ಕಳಿಗೇ ತೋರಿಸಿ.

ಆದರೆ ನಿಜವಾದ ಅಪಾಯವೊಂದಿದೆ, ಅದು ರೋಗ. ಒಂದೇ ತಟ್ಟೆಗೆ ಹತ್ತಾರು ಹಕ್ಕಿಗಳು ಬಾಯಿ ಹಾಕುವಾಗ ಎಂಜಲು, ಹಿಕ್ಕೆ ಎಲ್ಲ ಬೆರೆಯುತ್ತವೆ. ಬ್ರಿಟನ್ನಿನಲ್ಲಿ ಹಿತ್ತಲಿನ ಹಕ್ಕಿಗಳಿಗೆ ಕಾಳು ಹಾಕುವುದು ಮನೆಮನೆಯ ಹವ್ಯಾಸ. ಅಲ್ಲಿ 2005ರಲ್ಲಿ ಟ್ರೈಕೊಮೊನಸ್ ಎಂಬ ಏಕಕೋಶಜೀವಿಯ ಸೋಂಕು ಗ್ರೀನ್‌ಫಿಂಚ್ ಎಂಬ ಹಕ್ಕಿಗಳಲ್ಲಿ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ಅವುಗಳ ಸಂಖ್ಯೆಯನ್ನು ತೀವ್ರವಾಗಿ ಕುಗ್ಗಿಸಿತು. ಅಮೆರಿಕದಲ್ಲಿ 1994ರಿಂದ ಹೌಸ್ ಫಿಂಚ್ ಹಕ್ಕಿಗಳ ಕಣ್ಣು ಊದಿ ಕುರುಡಾಗಿಸುವ ಬ್ಯಾಕ್ಟೀರಿಯಾ ರೋಗ ಹಬ್ಬಿತು. ಎರಡರಲ್ಲೂ ಕಾಳಿನ ತಟ್ಟೆಗಳು ಹರಡುವಿಕೆಗೆ ನೆರವಾದವು. ಹಿತ್ತಲಿನಲ್ಲಿ ಮಂಕಾಗಿ ಕುಳಿತ, ಕಣ್ಣು ಊದಿದ ಅಥವಾ ಸತ್ತ ಹಕ್ಕಿ ಕಂಡರೆ ಎರಡು ಮೂರು ವಾರ ಕಾಳು ನಿಲ್ಲಿಸಿ, ಬರಿಗೈಯಲ್ಲಿ ಮುಟ್ಟಬೇಡಿ. ಒಂದೇ ಸಮಯದಲ್ಲಿ ಹಲವು ಹಕ್ಕಿಗಳು ಸತ್ತರೆ ಪಶುವೈದ್ಯರಿಗೆ ತಿಳಿಸಿ.

ಹಕ್ಕಿಯ ಊಟದಲ್ಲಿ ಕಾಣದ ವಸ್ತು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿಗೆ ಹೋಗಬೇಕಾಗಿಲ್ಲ. ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದರೆ ಸಾಕು. ಸುಮಾರು 346 ಹೆಕ್ಟೇರಿನ ಈ ಪ್ರದೇಶವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ದೇಶದಲ್ಲಿ ರಣಹದ್ದುಗಳಿಗೆಂದೇ ಮೀಸಲಾದ ಮೊದಲ ಧಾಮ ಅದು. ದನಗಳಿಗೆ ನೋವುನಿವಾರಕವಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೈಸೇರಿ ಮೂತ್ರಪಿಂಡವನ್ನು ಕೆಡಿಸಿತು. 1990ರ ದಶಕದಿಂದೀಚೆಗೆ ದೇಶದ ಮೂರು ಜಾತಿಯ ರಣಹದ್ದುಗಳಲ್ಲಿ ಶೇಕಡ 95ಕ್ಕೂ ಹೆಚ್ಚು ನಾಶವಾದವು. ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು 2006ರಲ್ಲಿ ನಿಷೇಧಿಸಲಾಯಿತು. ಇಲಿ ಪಾಷಾಣ ಇಟ್ಟ ಹಿತ್ತಲಿನಲ್ಲಿ ಗೂಬೆಗೆ, ಬೀಜೋಪಚಾರ ಮಾಡಿದ ಕಾಳು ಚೆಲ್ಲಿದ ಅಂಗಳದಲ್ಲಿ ಬೆಳವಕ್ಕೆ ಆಗುವುದೂ ಅದೇ ಬಗೆಯದು. ಬಿತ್ತನೆಗೆಂದು ಔಷಧಿ ಹಚ್ಚಿ ಉಳಿದ ಕಾಳನ್ನು ಎಂದಿಗೂ ಹಕ್ಕಿಗೆ ಹಾಕಬೇಡಿ.

ಗುಬ್ಬಚ್ಚಿಯ ವಿಷಯದಲ್ಲಿ ಇನ್ನೊಂದು ಮಾತು. ಅದರ ಮರಿಗಳು ಮೊದಲ ದಿನಗಳಲ್ಲಿ ಕಾಳು ತಿನ್ನಲಾರವು. ತಾಯಿತಂದೆ ತರುವುದು ಕಂಬಳಿಹುಳು, ಮಿಡತೆಯ ಮರಿ, ಹೇನು ಹುಳುಗಳನ್ನು. ನಿಮ್ಮ ಕಾಳಿನಿಂದ ದೊಡ್ಡವು ಬದುಕಿದರೂ ಹುಳುವಿಲ್ಲದ ಊರಿನಲ್ಲಿ ಮರಿ ಬೆಳೆಯದು. ರೇಷ್ಮೆ ಸೀಮೆಗೆ ಇಲ್ಲೊಂದು ಅನುಕೂಲವಿದೆ. ಹಿಪ್ಪುನೇರಳೆಗೆ ಕೀಟನಾಶಕ ಹೊಡೆದರೆ ನಿಗದಿತ ದಿನಗಳು ಕಳೆಯುವವರೆಗೆ ಸೊಪ್ಪನ್ನು ರೇಷ್ಮೆಹುಳುವಿಗೆ ಕೊಡುವಂತಿಲ್ಲ. ಏಕೆಂದರೆ ರೇಷ್ಮೆಹುಳುವೂ ಕೀಟವೇ. ಹಾಗಾಗಿ ಬೆಳೆಗಾರ ಔಷಧಿ ಹೊಡೆಯುವ ಮುನ್ನ ಎರಡು ಬಾರಿ ಯೋಚಿಸುತ್ತಾನೆ. ಗೂಡಿನ ಜಾಗವೂ ಮುಖ್ಯ. ನಾಡಹೆಂಚಿನ ಸಂದು, ತೊಲೆಯ ಮೂಲೆ ಹೋಗಿ ಕಾಂಕ್ರೀಟ್ ತಾರಸಿ ಬಂದ ಕಡೆ ಒಂದು ಮರದ ಪೆಟ್ಟಿಗೆ ತೂಗುಹಾಕಬಹುದು. ಬಾಯಿ 32 ಮಿಲಿಮೀಟರ್ ಇರಲಿ, ಆಗ ಗೊರವಂಕ ಒಳನುಗ್ಗಲಾರದು. ತಗಡಿನ ಡಬ್ಬಿ ಬೇಡವೇ ಬೇಡ. ಬಿಸಿಲಲ್ಲಿ ಅದು ಒಲೆಯಾಗುತ್ತದೆ.

ಗುಬ್ಬಚ್ಚಿಗಳನ್ನು ಮೊಬೈಲ್ ಗೋಪುರಗಳು ಕೊಂದವು ಎಂಬ ಮಾತನ್ನು ವಿದ್ಯಾರ್ಥಿಗಳು ನನ್ನಲ್ಲಿ ಪದೇ ಪದೇ ಎತ್ತುತ್ತಾರೆ. 1,800 ಮೆಗಾಹರ್ಟ್ಸ್ ತರಂಗದ ಒಂದು ಫೋಟಾನಿನ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ರಾಸಾಯನಿಕ ಬಂಧ ಒಡೆಯಲು ಕೆಲವು ಎಲೆಕ್ಟ್ರಾನ್ ವೋಲ್ಟುಗಳೇ ಬೇಕು. ಇದೊಂದರಿಂದಲೇ ತೀರ್ಪು ಕೊಡುವುದು ತರವಲ್ಲ, ಎಣಿಕೆಯನ್ನೂ ನೋಡಬೇಕು. ದೇಶದ 15,000ಕ್ಕೂ ಹೆಚ್ಚು ಹಕ್ಕಿವೀಕ್ಷಕರ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ಗುಬ್ಬಚ್ಚಿಗಳು ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಕಡಿಮೆಯಾಗಿವೆ, ಆದರೆ ದೇಶದ ಒಟ್ಟು ಲೆಕ್ಕದಲ್ಲಿ 25ಕ್ಕೂ ಹೆಚ್ಚು ವರ್ಷಗಳಿಂದ ಬಹುಮಟ್ಟಿಗೆ ಸ್ಥಿರವಾಗಿವೆ. ಗೋಪುರಗಳು ಹಳ್ಳಿಗಳಿಗೂ ಬಂದಿವೆ ಎಂಬುದನ್ನು ಮರೆಯಬಾರದು. ಗೋಪುರವನ್ನು ಬೈದು ಸುಮ್ಮನಾಗುವುದು ಸುಲಭ. ಹುಳು, ಗೂಡಿನ ಜಾಗ, ನೀರು ಇವುಗಳನ್ನು ಕುರಿತು ಏನಾದರೂ ಮಾಡುವುದು ಕಷ್ಟ.

ಎಣಿಸುವ ಬಗೆ

ಮೇಲೆ ಹೇಳಿದ್ದೆಲ್ಲ ಲೆಕ್ಕ. ನಿಮ್ಮ ಹಿತ್ತಲು ಒಪ್ಪುತ್ತದೆಯೋ ಇಲ್ಲವೋ ಪರೀಕ್ಷಿಸಬೇಡವೆ? ಒಂದು ವಾರ ಕಾಳು ಮಾತ್ರ ಇಡಿ, ಮುಂದಿನ ವಾರ ಅದೇ ಜಾಗದಲ್ಲಿ ನೀರು ಮಾತ್ರ, ಮೂರನೆಯ ವಾರ ಎರಡೂ ಇಲ್ಲದ ಖಾಲಿ ತಟ್ಟೆ. ಮತ್ತೆ ಮೊದಲಿನಿಂದ. ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಹದಿನೈದು ಹದಿನೈದು ನಿಮಿಷ ಕುಳಿತು ಎಷ್ಟು ಭೇಟಿ, ಯಾವ ಜಾತಿ ಎಂದು ಬರೆಯಿರಿ. ಇದನ್ನು ಏಪ್ರಿಲ್‌ನಲ್ಲೂ ಆಗಸ್ಟ್‌ನಲ್ಲೂ ಮಾಡಿ ಹೋಲಿಸಿ. ಏಪ್ರಿಲ್ ಮಧ್ಯಾಹ್ನದ ನೀರಿನ ತಟ್ಟೆಗೆ ಕಾಳಿನ ತಟ್ಟೆಗಿಂತ ಹೆಚ್ಚು ಜಾತಿಯ ಹಕ್ಕಿಗಳು ಬರುತ್ತವೆ ಎಂಬುದು ನನ್ನ ಅಂದಾಜು, ಏಕೆಂದರೆ ಕಾಳು ತಿನ್ನದ ಪಿಕಳಾರ, ಹರಟೆಮಲ್ಲಗಳಿಗೂ ನೀರು ಬೇಕು.

ಭೇಟಿಗಳ ಸಂಖ್ಯೆಯೇ ಹಕ್ಕಿಗಳ ಸಂಖ್ಯೆಯಲ್ಲ. ಎರಡು ಪಿಕಳಾರಗಳು ಮೂರು ಬಾರಿ ಬಂದರೆ ಆರು ಪಿಕಳಾರ ಎಂದು ಬರೆಯುವಂತಿಲ್ಲ. ಹಕ್ಕಿಗಳನ್ನು ಎಣಿಸುವಾಗ ಒಂದೇ ಕ್ಷಣದಲ್ಲಿ ಒಟ್ಟಿಗೆ ಕಂಡ ಗರಿಷ್ಠ ಸಂಖ್ಯೆಯನ್ನು ತೆಗೆದುಕೊಳ್ಳಿ. ಏನೂ ಬಾರದ ಹದಿನೈದು ನಿಮಿಷವನ್ನೂ ಸೊನ್ನೆ ಎಂದು ದಾಖಲಿಸಿ. ವಿದ್ಯಾರ್ಥಿಗಳು ಸೊನ್ನೆಯನ್ನು ಬರೆಯಲು ಹಿಂಜರಿಯುತ್ತಾರೆ. ಸೊನ್ನೆಯೂ ಅಳತೆಯೇ.

ಹಿತ್ತಲಿಗೆ ದುರ್ಬೀನು ಅನಿವಾರ್ಯವಲ್ಲ. ಕೊಳ್ಳುವುದಾದರೆ ಅದರ ಮೇಲಿನ 8×40 ಎಂಬಂಥ ಅಂಕಿಯನ್ನು ಅರ್ಥಮಾಡಿಕೊಳ್ಳಿ. ಎಂಟು ಪಟ್ಟು ಹತ್ತಿರ, ಮುಂದಿನ ಮಸೂರದ ವ್ಯಾಸ 40 ಮಿಲಿಮೀಟರ್. 40ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ವ್ಯಾಸ, 5 ಮಿಲಿಮೀಟರ್. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ಮಾತ್ರ ತೆರೆದಿರುವುದರಿಂದ ಅಗ್ಗದ 8×25 ಕೂಡ ಮಧ್ಯಾಹ್ನ ಚೆನ್ನಾಗಿಯೇ ತೋರಿಸುತ್ತದೆ. ನಸುಕಿನಲ್ಲಿ ಮಾತ್ರ ದೊಡ್ಡದು ಗೆಲ್ಲುತ್ತದೆ.

ನಿಲ್ಲಿಸಿದ ಬೈಕಿನ ಕನ್ನಡಿಯನ್ನು ಮಡಿವಾಳ ಹಕ್ಕಿಯೋ ಹರಟೆಮಲ್ಲವೋ ಗಂಟೆಗಟ್ಟಲೆ ಕುಕ್ಕುವುದನ್ನು ನೀವು ನೋಡಿರಬಹುದು. ಅದು ತನ್ನ ಬಿಂಬವನ್ನು ತನ್ನ ಸೀಮೆಗೆ ನುಗ್ಗಿದ ಇನ್ನೊಂದು ಹಕ್ಕಿಯೆಂದು ತಿಳಿಯುತ್ತದೆ. ಪೀನ ದರ್ಪಣವಾದರೆ ಬಿಂಬ ಚಿಕ್ಕದಾಗಿರುತ್ತದೆ, ಆದರೂ ಎದುರಾಳಿ ಚಿಕ್ಕವನೆಂದು ಹಕ್ಕಿ ಬಿಡುವುದಿಲ್ಲ. ಗೂಡಿನ ಕಾಲದಲ್ಲಿ ಇದು ವ್ಯರ್ಥ ಶಕ್ತಿವ್ಯಯ. ಒಂದು ವಾಟಿನ ಲೆಕ್ಕ ನೆನಪಿಸಿಕೊಂಡು ಕನ್ನಡಿಗೆ ಒಂದು ಬಟ್ಟೆಚೀಲ ಹಾಕಿ.

ದಾಖಲೆಗಳನ್ನು ಪುಸ್ತಕದಲ್ಲಿ ಕೊಳೆಯಲು ಬಿಡಬೇಡಿ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಹಿತ್ತಲ ಹಕ್ಕಿ ಎಣಿಕೆ ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುತ್ತದೆ. 2013ರಿಂದ ಭಾರತದಲ್ಲೂ ಇದೆ. ಕನಿಷ್ಠ ಹದಿನೈದು ನಿಮಿಷ ನೋಡಿ ಪಟ್ಟಿಯನ್ನು ಇ-ಬರ್ಡ್ ಎಂಬ ತಾಣಕ್ಕೆ ಕಳಿಸಿದರಾಯಿತು, ಶುಲ್ಕವಿಲ್ಲ. ನಗರಗಳಿಂದ ಬರುವಷ್ಟು ಪಟ್ಟಿಗಳು ಹಳ್ಳಿಗಳಿಂದ ಬರುವುದಿಲ್ಲ. ಗುಬ್ಬಚ್ಚಿ ಎಲ್ಲಿ ಉಳಿದಿದೆ ಎಂದು ತಿಳಿಯಲು ಅದು ಉಳಿದಿರುವ ಊರಿನವರೇ ಬರೆಯಬೇಕಲ್ಲವೆ?

ಕಬ್ಬಾಳಿನಂಥ ಊರಿನವರು ಒಂದು ಹಕ್ಕಿಯನ್ನು ವಿಶೇಷವಾಗಿ ಗಮನಿಸಬೇಕು. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಬಂಡೆಬೆಟ್ಟಗಳ ಕುರುಚಲು ಕಾಡಿನಲ್ಲಿ ಮಾತ್ರ ಬದುಕುವ ಹಕ್ಕಿ. ಜಗತ್ತಿನ ಬೇರೆಲ್ಲೂ ಇಲ್ಲ, ಅಪಾಯದ ಅಂಚಿನ ಪಟ್ಟಿಯಲ್ಲಿದೆ. ರಾಮನಗರ, ಸಾವನದುರ್ಗಗಳ ಬಂಡೆಗಳಲ್ಲಿ ಅದನ್ನು ನೋಡಿದವರಿದ್ದಾರೆ. ಕಬ್ಬಾಳದುರ್ಗವೂ ಅದೇ ಬಗೆಯ ಬೆಟ್ಟ. ಜುಟ್ಟಿಲ್ಲದ ಪಿಕಳಾರ, ತಲೆ ಮತ್ತು ಕೊರಳು ಹಳದಿ, ಮೈ ಬೂದು, ಬಾಲದ ಬುಡದ ಕೆಳಗೂ ಹಳದಿ. ಬಿಳಿ ಹುಬ್ಬಿನ ಪಿಕಳಾರವನ್ನು ಇದೆಂದು ಭ್ರಮಿಸುವುದು ಸುಲಭ, ಆದ್ದರಿಂದ ಹುಬ್ಬನ್ನು ಮೊದಲು ನೋಡಿ. ಬುಡದ ಹಿತ್ತಲುಗಳಲ್ಲಿ ಆಲ, ಅತ್ತಿ ಹಣ್ಣಾದಾಗ, ಬೆಟ್ಟದ ಅಂಚಿನಲ್ಲಿ ಲಂಟಾನ ಹಣ್ಣಾದಾಗ ಹುಡುಕಿ. ಕಂಡರೆ ದಿನಾಂಕ, ಹೊತ್ತು, ಸ್ಥಳ, ಎಷ್ಟು ಹಕ್ಕಿ, ಏನು ತಿನ್ನುತ್ತಿತ್ತು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಮೊಬೈಲಿನಲ್ಲಿ ಅದರ ಕೂಗನ್ನು ಹಾಕಿ ಹತ್ತಿರ ಕರೆಯುವ ಪ್ರಯತ್ನ ಬೇಡ. ಗೂಡಿನ ಸಮೀಪ ಹೋಗುವುದೂ ಬೇಡ.